ಓದುಗರ ಪ್ರಶ್ನೆ, ನಮ್ಮ ಉತ್ತರ: ಜಪಾನಿನ ಮರದಚ್ಚಿನಲ್ಲಿ ಕುಣಿವ ವೇಷ

ಪ್ರಶ್ನೆ: ಮನೆಯ ಹಳೆ ಸಂದೂಕದಲ್ಲಿ ಚೌಕಟ್ಟು ಹಾಕಿದ ಒಂದು ಜಪಾನಿ ಚಿತ್ರ ಸಿಕ್ಕಿದೆ. ಬಿಳಿ ಉಡುಪು, ಕಪ್ಪು ಸೊಂಟಪಟ್ಟಿ, ತಲೆಗೆ ಬಿಳಿ ಮುಸುಕು, ಕೈಯಲ್ಲಿ ಕೊಡೆ. ಸುತ್ತ ಹಿಮ ಉದುರುತ್ತಿದೆ. ಎತ್ತರ 37 ಸೆಂಟಿಮೀಟರ್, ಅಗಲ 25. ಇದು ಮರದಚ್ಚೋ, ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿದ್ದೋ? ಗಾಜು ತೆಗೆಯದೆ ತಿಳಿಯಬಹುದೆ?
— ಓದುಗರು, ಸಾಗರ

ಉತ್ತರ: ಗಾಜಿನ ಮೇಲಿಂದ ಅರ್ಧ ಉತ್ತರ ಸಿಗುತ್ತದೆ. ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಹತ್ತು ಪಟ್ಟು ಹಿಗ್ಗಿಸುವ ಆ ಮಸೂರ ಸಾಕು. ಅದರಲ್ಲಿ ಬಣ್ಣ ತುಂಬಿದ ಒಂದು ಜಾಗ ನೋಡಿ. ಕೆಂಪು, ನೀಲಿ, ಹಳದಿ, ಕಪ್ಪು ಚುಕ್ಕೆಗಳು ಸಾಲುಗಟ್ಟಿ ಪುಟ್ಟ ಹೂವುಗಳಂತೆ ಕೂತಿದ್ದರೆ ಅದು ಆಫ್‌ಸೆಟ್ ಮುದ್ರಣ, ಅಲ್ಲಿಗೆ ವಿಚಾರಣೆ ಮುಗಿಯಿತು. ಮರದಚ್ಚಿನಲ್ಲಿ ಚುಕ್ಕೆಗಳ ಜಾಲ ಇರುವುದಿಲ್ಲ. ಬಣ್ಣ ಒಂದೇ ಹಾಸಾಗಿ ಕಾಗದದ ನಾರಿನೊಳಗೆ ಇಳಿದಿರುತ್ತದೆ. ದೊಡ್ಡ ಜಾಗಗಳಲ್ಲಿ ಮರದ ಎಳೆಗಳ ಗುರುತೂ ಕಾಣಬಹುದು. ಹಲಗೆಯನ್ನು ಅಡ್ಡಕ್ಕೆ ಕೊಯ್ದ ತುದಿಯ ಮೇಲೆ ಜಪಾನಿನವರು ಕೆತ್ತುವುದಿಲ್ಲ, ಉದ್ದಕ್ಕೆ ಸೀಳಿದ ಮುಖದ ಮೇಲೆ ಕೆತ್ತುತ್ತಾರೆ. ಎಳೆ ಮೂಡುವುದು ಅದರಿಂದ.

ಉಳಿದ ಅರ್ಧಕ್ಕೆ ಚೌಕಟ್ಟಿನಿಂದ ಹೊರತೆಗೆಯಲೇಬೇಕು. ಬಿಸಿಲಿರುವ, ಗಾಳಿ ಒಣಗಿರುವ ದಿನ ತೆಗೆಯಿರಿ. ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಅಲ್ಲಿಗೇ ಬಿಡಿ, ಎಳೆದರೆ ಬಣ್ಣ ಗಾಜಿನಲ್ಲೇ ಉಳಿಯುತ್ತದೆ. ಸಲೀಸಾಗಿ ಬಂದರೆ ಮೊದಲು ಬೆನ್ನು ನೋಡಿ. ಮರದಚ್ಚಿನ ಅರ್ಧ ಕಥೆ ಬೆನ್ನಿನಲ್ಲಿದೆ. ಜಪಾನಿನ ಮುದ್ರಕರು ಒತ್ತುಯಂತ್ರ ಬಳಸುತ್ತಿರಲಿಲ್ಲ. ಬಣ್ಣ ಬಳಿದ ಮಣೆಯ ಮೇಲೆ ತೇವದ ಕಾಗದವನ್ನು ಕವುಚಿ ಹಾಕಿ, ಬೆನ್ನ ಮೇಲೆ ‘ಬಾರೆನ್’ ಎಂಬ ದುಂಡು ತಟ್ಟೆಯಿಂದ ಉಜ್ಜುತ್ತಿದ್ದರು. ಹಾಗಾಗಿ ಬಣ್ಣ ಹಿಂದಕ್ಕೆ ಸ್ವಲ್ಪವಾದರೂ ಹಾದಿರುತ್ತದೆ, ತಟ್ಟೆ ಸುತ್ತಿದ ಅರೆಚಂದ್ರದ ಗೆರೆಗಳೂ ಇರಬಹುದು. ಬೆನ್ನು ಹಿಂದಿನಿಂದ ಇನ್ನೊಂದು ಹಾಳೆ ಅಂಟಿಸಿದಂತೆ ಬೆಳ್ಳಗಿದ್ದರೆ ಅನುಮಾನಿಸಿ.

ಆಮೇಲೆ ಕೋಣೆ ಕತ್ತಲು ಮಾಡಿ, ಮೇಜಿನ ಮಟ್ಟದಲ್ಲಿ ಟಾರ್ಚು ಮಲಗಿಸಿ ಹಿಡಿಯಿರಿ. ನಿಮ್ಮ ಚಿತ್ರಕ್ಕೆ ಇದೇ ಮುಖ್ಯ ಪರೀಕ್ಷೆ. ಬಿಳಿ ಉಡುಪಿನ ನರ್ತಕಿಯ ಮೈಮೇಲೆ ಬಣ್ಣವೇ ಇಲ್ಲವಲ್ಲ, ಬಟ್ಟೆಯ ನೇಯ್ಗೆ ತೋರಿಸುವುದು ಹೇಗೆ? ಬಣ್ಣ ಹಚ್ಚದ ಮಣೆಯ ಮೇಲೆ ಕಾಗದ ಒತ್ತಿ ಉಬ್ಬು ಮೂಡಿಸುತ್ತಾರೆ. ಇದಕ್ಕೆ ‘ಕರಜುರಿ’ ಎಂದು ಹೆಸರು. ಓರೆ ಬೆಳಕಿನಲ್ಲಿ ಗರಿಯೋ, ಅಲೆಯೋ, ಹೂವೋ ಬಿಳಿಯೊಳಗೆ ಬಿಳಿಯಾಗಿ ಎದ್ದು ಕಂಡರೆ ಅದು ಕಾಳಜಿಯಿಂದ ಮಾಡಿದ ಅಚ್ಚು. ಎದುರು ಬೆಳಕಿನಲ್ಲಿ ನೂರು ಸಲ ನೋಡಿದರೂ ಅದು ಕಾಣುವುದಿಲ್ಲ.

ಅಳತೆಯೂ ಹೊಂದುತ್ತದೆ. ‘ಓಬಾನ್’ ಎಂಬ ಅತಿ ಬಳಕೆಯ ಗಾತ್ರ ಸುಮಾರು 39 ಸೆಂ.ಮೀ. ಎತ್ತರ, 26.5 ಸೆಂ.ಮೀ. ಅಗಲ. ನಿಮ್ಮದರ ಅಂಚನ್ನು ಯಾರೋ ಕತ್ತರಿಸಿರಬೇಕು. ಆಲ್ಬಮ್ಮಿಗೆ ಅಂಟಿಸಲು ಹಾಗೆ ಮಾಡುವುದು ಸಾಮಾನ್ಯವಾಗಿತ್ತು.

ಒಂದು ಎಚ್ಚರಿಕೆ. ಮರದಚ್ಚು ಎಂದು ಖಾತ್ರಿಯಾದ ಮಾತ್ರಕ್ಕೆ ಹಳೆಯದು ಎಂದಾಗಲಿಲ್ಲ. ಹಳೆಯ ಚಿತ್ರಗಳನ್ನು 20ನೇ ಶತಮಾನದಲ್ಲಿ ಹೊಸ ಮಣೆಗಳ ಮೇಲೆ ಮತ್ತೆ ಕೆತ್ತಿ, ಅದೇ ಕೈಕೆಲಸದಲ್ಲಿ ಅಚ್ಚು ಹಾಕಿದ್ದಾರೆ. ಅಂಥವುಗಳ ಕಾಗದ ದಪ್ಪ, ಬಣ್ಣ ಹೊಚ್ಚಹೊಸದು, ಅಂಚುಗಳು ಪೂರ್ತಿ ಇರುತ್ತವೆ. ಹಳೆಯ ಮಣೆಯಿಂದಲೇ ತಡವಾಗಿ ತೆಗೆದ ಪ್ರತಿಯಾದರೆ ಹಣೆಯಂಚಿನ ಕೂದಲಿನ ಗೆರೆಗಳು ಅಲ್ಲಲ್ಲಿ ಮುರಿದಿರುತ್ತವೆ. ಮೊದಲು ಸವೆಯುವುದು ಅವೇ. ಉಗುಳು ಹಚ್ಚಿ ಬೆರಳಿನಿಂದ ಉಜ್ಜಿ ‘ಬಣ್ಣ ಬಿಡುತ್ತದೆಯೇ’ ಎಂದು ನೋಡುವ ಚಟ ಕೆಲವರಿಗಿದೆ. ಈ ಬಣ್ಣಗಳೆಲ್ಲ ನೀರಿನವು, ಅಸಲಿಯಾದರೂ ಬಿಡುತ್ತವೆ!


ಪ್ರಶ್ನೆ: ಇಂಥ ಚಿತ್ರಗಳಲ್ಲಿ ಕುಣಿಯುತ್ತಿರುವವರು ಹೆಣ್ಣೋ, ನಮ್ಮ ಯಕ್ಷಗಾನದಂತೆ ಸ್ತ್ರೀವೇಷವೋ? ಯಾವ ನೃತ್ಯ ಎಂದು ವೇಷ ನೋಡಿ ಹೇಳಲು ಸಾಧ್ಯವೆ?
— ಓದುಗರು, ತೀರ್ಥಹಳ್ಳಿ

ಉತ್ತರ: ರಂಗದ ಚಿತ್ರವಾದರೆ ಸ್ತ್ರೀವೇಷ. ಹಾಡು, ಕುಣಿತ ಕೂಡಿದ ಜಪಾನಿನ ‘ಕಬುಕಿ’ ನಾಟಕ ಶುರು ಮಾಡಿದ್ದು ಹೆಂಗಸರೇ ಆದರೂ 1629ರಲ್ಲಿ ಅವರನ್ನು ರಂಗದಿಂದ ನಿಷೇಧಿಸಿದರು. ಅವರ ಜಾಗಕ್ಕೆ ಬಂದ ಹುಡುಗರನ್ನು 1652ರಲ್ಲಿ ನಿಲ್ಲಿಸಿದರು. ಆಮೇಲೆ ಉಳಿದವರು ಮುಂದಲೆ ಬೋಳಿಸಿದ ಪ್ರಾಯದ ಗಂಡಸರು. ಹೆಣ್ಣು ವೇಷ ಕಟ್ಟುವಾಗ ಆ ಬೋಳು ಜಾಗವನ್ನು ನೇರಳೆ ಬಟ್ಟೆಯ ತುಂಡಿನಿಂದ ಮುಚ್ಚುತ್ತಿದ್ದರು. ಚಿತ್ರದಲ್ಲಿ ಹಣೆಯ ಮೇಲ್ಗಡೆ ಚಿಕ್ಕ ನೇರಳೆ ತೇಪೆ ಕಂಡರೆ ಅವನು ‘ಒನ್ನಗತ’, ಅಂದರೆ ಸ್ತ್ರೀವೇಷಧಾರಿ. ಬಣ್ಣ ಮಾಸಿದ ಪ್ರತಿಗಳಲ್ಲಿ ಈ ತೇಪೆ ಕಂದಾಗಿ ಕಾಣುತ್ತದೆ, ತಪ್ಪು ತಿಳಿಯಬೇಡಿ.

ಕೇದಗೆ ಮುಂದಲೆಯೋ ಮುಂಡಾಸೋ ಎಂದು ದೂರದಿಂದಲೇ ಹೇಳುವ ನಿಮಗೆ ಇದು ಕಷ್ಟವಾಗಲಾರದು. ಸಾಗರದ ಓದುಗರ ಚಿತ್ರದಲ್ಲಿರುವುದು ‘ಸಗಿ ಮುಸುಮೆ’, ಬೆಳ್ಳಕ್ಕಿಯ ಕನ್ಯೆ. ಇದು ಮೊದಲು ರಂಗಕ್ಕೆ ಬಂದದ್ದು 1762ರಲ್ಲಿ, ಎರಡನೆಯ ಸೆಗವಾ ಕಿಕುನೊಜೊ ಕುಣಿದು. ಬಿಳಿ ಉಡುಪು, ಕಪ್ಪು ಪಟ್ಟಿ, ಕೊಡೆ, ಹಿಮ ಈ ನಾಲ್ಕೂ ಕೂಡಿ ಬಂದರೆ ಬೇರೆ ಯೋಚನೆ ಬೇಡ. ಪಕ್ಕದಲ್ಲಿ ದೇವಾಲಯದ ದೊಡ್ಡ ಗಂಟೆ, ಚೆರ್ರಿ ಹೂವು, ತಲೆಗೆ ಚಿನ್ನದ ಬಣ್ಣದ ಎತ್ತರದ ಟೋಪಿ ಇದ್ದರೆ ಅದು ‘ದೋಜೊಜಿ’. ಮೊದಲನೆಯ ನಕಮುರಾ ತೊಮಿಜೂರೊ 1753ರಲ್ಲಿ ಪ್ರಸಿದ್ಧಿಗೆ ತಂದದ್ದು. ಕಪ್ಪು ಅರಗಿನ ಅಗಲ ಟೊಪ್ಪಿಗೆ, ಹೆಗಲ ಮೇಲೆ ಜೋತುಬಿದ್ದ ನೇರಳೆ ಹೂಗೊಂಚಲಿನ ಕೊಂಬೆ ಇದ್ದರೆ ‘ಫುಜಿ ಮುಸುಮೆ’, 1826ರದ್ದು. ನೆಲ ಮುಟ್ಟುವ ಬಿಳಿ ಅಥವಾ ಕೆಂಪು ಜಟೆ, ಪಕ್ಕದಲ್ಲಿ ದೊಡ್ಡ ಪಿಯೊನಿ ಹೂವುಗಳಿದ್ದರೆ ಸಿಂಹನೃತ್ಯ. ಜೋಡಿ ಸಿಂಹಗಳಲ್ಲಿ ಬಿಳಿ ಜಟೆ ತಂದೆಯದು, ಕೆಂಪು ಮರಿಯದು. ಪಟ್ಟೆಪಟ್ಟೆಯ ಚೂಪು ಟೋಪಿ, ಅದರ ಮೇಲೊಂದು ಕೆಂಪು ಸೂರ್ಯ ಇದ್ದರೆ ‘ಸಂಬಾಸೊ’. ಇದನ್ನು ಮಂಗಳಕ್ಕೆಂದು ಕುಣಿಯುತ್ತಾರೆ.

ಎರಡು ವೇಷ ಒಂದರೊಳಗೊಂದು ಇರುವಂತೆ ಕಂಡರೂ ಗಾಬರಿ ಬೇಡ. ಮೇಲುಡುಪನ್ನು ಸಡಿಲ ದಾರದಲ್ಲಿ ಹೊಲಿದು, ಕುಣಿಯುತ್ತಿರುವಾಗಲೇ ಹಿಂದೆ ನಿಂತ ಸಹಾಯಕ ಆ ದಾರ ಸೆಳೆದು ಕಳಚುವ ಪದ್ಧತಿ ಇದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಿಳಿ ಹೋಗಿ ಕೆಂಪು ಬರುತ್ತದೆ. ಇದು ‘ಹಿಕಿನುಕಿ’. ಕೆಲವು ಕಲಾವಿದರು ಸರಿಯಾಗಿ ಆ ಗಳಿಗೆಯನ್ನೇ ಬರೆದಿದ್ದಾರೆ.

ನಟ ಯಾರು ಎಂಬುದಕ್ಕೆ ಮುಖ ನೋಡಬೇಡಿ, ತೋಳಿನ ಮೇಲಿನ ಲಾಂಛನ ನೋಡಿ. ಒಂದರೊಳಗೊಂದು ಮೂರು ಚೌಕ ಇಚಿಕಾವಾ ದಂಜೂರೊ ಮನೆತನದ್ದು. ಆದರೆ ಹೆಸರು ತಲೆಮಾರಿಗೆ ದಾಟುತ್ತದೆ, ಲಾಂಛನವೂ ಅದರ ಜೊತೆಗೇ ಹೋಗುತ್ತದೆ. ಎಷ್ಟನೆಯ ದಂಜೂರೊ ಎಂಬುದು ಕಲಾವಿದನ ಕಾಲದಿಂದ ತೀರ್ಮಾನವಾಗಬೇಕು.

ಹಿಮ್ಮೇಳದ ಮೋಹವಿರುವ ಓದುಗರಿಗೆ ಇನ್ನೊಂದು ಮಾತು. 1780ರ ದಶಕದಲ್ಲಿ ತೊರೀ ಕಿಯೊನಗ ರಚಿಸಿದ ಕೆಲವು ಅಚ್ಚುಗಳಲ್ಲಿ ನರ್ತಕನ ಹಿಂದೆ ಹಾಡುವವರು, ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯ ನುಡಿಸುವವರು ಸಾಲಾಗಿ ಕುಳಿತಿದ್ದಾರೆ. ಭಾಗವತರನ್ನೂ ಮದ್ದಳೆಯವರನ್ನೂ ಬಿಟ್ಟು ಬರೀ ವೇಷದ ಫೋಟೋ ತೆಗೆಯುವ ನಮ್ಮವರು ಅವನ್ನೊಮ್ಮೆ ನೋಡಬೇಕು.

ಮುಖವಾಡ ಧರಿಸಿ, ಹಿಂದೆ ಖಾಲಿ ಜಾಗ ಅಥವಾ ತೆಳು ಬಣ್ಣ ಇರುವ ಚಿತ್ರವಾದರೆ ಅದು ‘ನೋ’ ಎಂಬ ಹಳೆಯ ಮುಖವಾಡದ ನಾಟಕದ್ದಿರಬಹುದು. ಅದನ್ನು ಬರೆದ ಕಲಾವಿದರಲ್ಲಿ ದೊಡ್ಡ ಹೆಸರು ತ್ಸುಕಿಯೊಕಾ ಕೋಗ್ಯೊ (1869–1927). ಅವರ ‘ನೋಗಾಕು ಜುಯೆ’ ಮಾಲಿಕೆ 1897ರಿಂದ 1902ರವರೆಗೆ ಬಂತು.


ಪ್ರಶ್ನೆ: ಚಿತ್ರದ ಮೂಲೆಯ ಮುದ್ರೆಗಳಿಂದ ಕಾಲ ಗೊತ್ತಾಗುತ್ತದೆ ಎನ್ನುತ್ತಾರೆ. ಜಪಾನಿ ಓದಲು ಬಾರದವರಿಗೆ ಅದು ಸಾಧ್ಯವೆ?
— ಓದುಗರು, ಹೊಸನಗರ

ಉತ್ತರ: ವರ್ಷ ಓದಲು ಆಗದಿದ್ದರೂ ಅವಧಿ ಹೇಳಬಹುದು. ಎದೋ (ಈಗಿನ ತೋಕ್ಯೊ) ಸರ್ಕಾರ ಪ್ರತಿ ಚಿತ್ರವನ್ನೂ ಪರಿಶೀಲಿಸಿ ಒಪ್ಪಿಗೆಯ ಮುದ್ರೆ ಹಾಕಿಸುತ್ತಿತ್ತು. ಆ ಮುದ್ರೆ ಮಣೆಯಲ್ಲೇ ಕೆತ್ತಿಹೋಗಿ ಚಿತ್ರದೊಂದಿಗೇ ಅಚ್ಚಾಗುತ್ತಿತ್ತು. 1790ರ ಸುಮಾರಿನಿಂದ 1842ರವರೆಗೆ ಒಂದೇ ಅಕ್ಷರದ ಪುಟ್ಟ ದುಂಡು ಮುದ್ರೆ, ‘ಕಿವಾಮೆ’. 1842ರ ಕಟ್ಟುಪಾಡುಗಳಲ್ಲಿ ನಟರ ಮತ್ತು ಗಣಿಕೆಯರ ಚಿತ್ರಗಳನ್ನೇ ನಿಷೇಧಿಸಿದರು. ಆಮೇಲೆ ಪರಿಶೀಲಕನ ಹೆಸರಿನ ಒಂದು ಮುದ್ರೆ, 1847ರಿಂದ ಇಬ್ಬರದು ಜೋಡಿಯಾಗಿ. 1852ರಿಂದ ಜೊತೆಗೆ ತಿಂಗಳು, ವರ್ಷದ ಮುದ್ರೆ ಸೇರಿತು. ವರ್ಷಕ್ಕೆ ಅಂಕಿ ಇಲ್ಲ. ಇಲಿ, ಎತ್ತು, ಹುಲಿ ಹೀಗೆ ಹನ್ನೆರಡು ಪ್ರಾಣಿಗಳ ಚಕ್ರ. ನಮ್ಮ ಸಂವತ್ಸರದ ಲೆಕ್ಕ ಗೊತ್ತಿದ್ದವರಿಗೆ ಇದು ಹೊಸದೇನಲ್ಲ, ಅರವತ್ತರ ಬದಲು ಹನ್ನೆರಡು ಅಷ್ಟೆ. 1859ರಿಂದ 1871ರವರೆಗೆ ಒಪ್ಪಿಗೆಯೂ ತಾರೀಖೂ ಒಂದೇ ದುಂಡು ಮುದ್ರೆಯಲ್ಲಿ ಕೂತವು. 1875ರಲ್ಲಿ ಈ ಪದ್ಧತಿ ನಿಂತಿತು. ಅನಂತರದವುಗಳ ಅಂಚಿನಲ್ಲಿ ಪ್ರಕಾಶಕರ ಹೆಸರು, ವಿಳಾಸ, ತಾರೀಖು ಉದ್ದ ಸಾಲಿನಲ್ಲಿ ಇರುತ್ತವೆ.

ಆ ಸಾಲನ್ನು ಯಾರಾದರೂ ಓದಿ ‘ಮೇಜಿ 31’ ಎಂದು ಹೇಳಿದರೆ 1867 ಕೂಡಿಸಿ, 1898 ಬರುತ್ತದೆ. ತೈಶೊ ಆದರೆ 1911 ಕೂಡಿಸಿ, ಶೋವಾ ಆದರೆ 1925. ಇವು ಜಪಾನಿನ ಚಕ್ರವರ್ತಿಗಳ ಆಳ್ವಿಕೆಯ ಕಾಲದ ಹೆಸರುಗಳು. ‘ತೋಕ್ಯೊ’ ಎಂಬ ಊರಿನ ಹೆಸರಿದ್ದರೆ 1868ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ, ಎದೋಗೆ ಆ ಹೆಸರು ಬಂದದ್ದೇ ಆ ವರ್ಷ. ಸಹಿಯೂ ಸುಳಿವು ಕೊಡುತ್ತದೆ: ಕುನಿಸಾದ ಎಂಬ ಕಲಾವಿದ 1844ರಿಂದ ತನ್ನ ಗುರುವಿನ ‘ತೊಯೊಕುನಿ’ ಹೆಸರಿನಲ್ಲಿ ಸಹಿ ಮಾಡತೊಡಗಿದ. ಆದರೆ ಮರುಕೆತ್ತನೆಯಲ್ಲಿ ಮುದ್ರೆ, ಸಹಿ ಎಲ್ಲವನ್ನೂ ನಕಲು ಮಾಡಿರುತ್ತಾರೆ. ಮುದ್ರೆ ಹೇಳುವುದು ಚಿತ್ರ ಹುಟ್ಟಿದ ಕಾಲ, ನಿಮ್ಮ ಕೈಲಿರುವ ಹಾಳೆಯ ವಯಸ್ಸನ್ನು ಕಾಗದ ಹೇಳಬೇಕು.


ಪ್ರಶ್ನೆ: ನಮ್ಮಲ್ಲಿರುವ ಚಿತ್ರದಲ್ಲಿ ಉಡುಪಿನ ಒಂದು ಭಾಗ ಮಣ್ಣಿನ ಬಣ್ಣಕ್ಕಿದೆ, ಕಿತ್ತಳೆ ಜಾಗದಲ್ಲಿ ಕಪ್ಪು ಕಲೆ. ಪುಸ್ತಕದಲ್ಲಿರುವ ಅದೇ ಚಿತ್ರದಲ್ಲಿ ಆ ಭಾಗ ನೇರಳೆ. ನಕಲಿಯೆ?
— ಓದುಗರು, ಶಿವಮೊಗ್ಗ

ಉತ್ತರ: ನಕಲಿ ಎನ್ನಲು ಇದು ಕಾರಣವಾಗದು, ಅಸಲಿ ಎನ್ನಲು ಆಗಬಹುದು. ಹಳೆಯ ನೇರಳೆ ಎಂದರೆ ಕುಸುಬೆ ಹೂವಿನ ಗುಲಾಬಿ ಕೆಂಪು ಮತ್ತು ನೀಲಿಯ ಬೆರಕೆ. ಆ ನೀಲಿ ಹೆಚ್ಚಾಗಿ ಬರುತ್ತಿದ್ದದ್ದು ನಮ್ಮ ಗದ್ದೆ ಬದುವಿನ ಕನ್ನೆ ಸೊಪ್ಪಿನ ಜಾತಿಯದೇ ಒಂದು ಗಿಡದ ಹೂವಿನಿಂದ. ಎರಡೂ ಬೆಳಕಿಗೆ ನಿಲ್ಲುವುದಿಲ್ಲ. ಹೂವಿನ ನೀಲಿಯಂತೂ ಒಂದು ಹನಿ ನೀರು ಬಿದ್ದರೆ ಆ ಜಾಗದಿಂದ ಎದ್ದುಹೋಗುತ್ತದೆ. ಕಿತ್ತಳೆ ಎಂದರೆ ಸೀಸದ ಸಿಂಧೂರ, ಗಾಳಿಯ ದೋಷದಿಂದ ಕಪ್ಪಾಗುತ್ತದೆ. ಹಳದಿ ಕೆಲವು ಸಲ ಅರದಾಳ. ಚೌಕಿಯಲ್ಲಿ ಹಿಂದಿನವರು ಮುಖಕ್ಕೆ ಬಳಿಯುತ್ತಿದ್ದ ಅದೇ ಅರದಾಳ. 1830ರ ಸುಮಾರಿನಿಂದ ಹೇರಳವಾಗಿ ಬಂದ ಪ್ರಷ್ಯನ್ ನೀಲಿ ಇವೆಲ್ಲಕ್ಕಿಂತ ಗಟ್ಟಿ. ಕಣ್ಣು ಕುಕ್ಕುವ ಕೆಂಪು, ನೇರಳೆ ಇದ್ದರೆ ಅವು ಹೊರದೇಶದಿಂದ ಬಂದ ‘ಅನಿಲಿನ್’ ಎಂಬ ಕೃತಕ ಬಣ್ಣಗಳು, ಮೇಜಿ ಕಾಲದ ಗುರುತು. ಅವು ನೀರು ತಗುಲಿದರೆ ಹಬ್ಬುತ್ತವೆ.

ಹೋದ ಬಣ್ಣವನ್ನು ಮತ್ತೆ ಹಚ್ಚಿಸಬೇಡಿ.


ಪ್ರಶ್ನೆ: ಆಗುಂಬೆಯ ಬಳಿ ನಮ್ಮ ಮನೆ. ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ. ಇಂಥ ಕಡೆ ಕಾಗದದ ಚಿತ್ರ ಉಳಿಸುವುದು ಹೇಗೆ? ಲ್ಯಾಮಿನೇಷನ್ ಮಾಡಿಸಲೆ?
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಲ್ಯಾಮಿನೇಷನ್ ಮಾಡಿಸಿದ ದಿನವೇ ಆ ಚಿತ್ರದ ಆಯುಸ್ಸು ಮುಗಿಯಿತು. ಬಿಸಿ ಅಂಟು ನಾರಿನೊಳಗೆ ಇಳಿದ ಮೇಲೆ ಯಾವ ತಜ್ಞರೂ ಬಿಡಿಸಲಾರರು.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗದಲ್ಲಿ ಗೋಡೆಯ ಮೇಲೆ ವರ್ಷಪೂರ್ತಿ ನೇತುಹಾಕುವ ಆಸೆ ಬಿಡಬೇಕು. ಗಾಳಿಯ ತೇವಾಂಶ ಶೇಕಡಾ 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಮೊಳೆಯುತ್ತದೆ. ಕಾಗದಕ್ಕೆ ಹಿತ 45ರಿಂದ 55. ಆರಿದ್ರೆ ಹುಟ್ಟುವ ಮೊದಲೇ ಇಳಿಸಿ, ಮಳೆ ಪೂರ್ತಿ ಬಿಟ್ಟ ಮೇಲೆ ಹಾಕಿ. ಬೆಳಕಿನ ದೃಷ್ಟಿಯಿಂದಲೂ ಇದೇ ಒಳ್ಳೆಯದು: ವಸ್ತುಸಂಗ್ರಹಾಲಯಗಳೂ ಇವನ್ನು 50 ಲಕ್ಸ್‌ನ ಮಂದ ಬೆಳಕಿನಲ್ಲಿ ಕೆಲವೇ ತಿಂಗಳು ತೋರಿಸಿ ಮತ್ತೆ ಕತ್ತಲೆಗೆ ಕಳಿಸುತ್ತವೆ.

ಒಳಗಿಡುವ ಕ್ರಮ ಹೀಗೆ. ರಬ್ಬರಿನ ಅಂಚಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸುಮಾರು 20 ಲೀಟರಿನದು. ಚಿತ್ರವನ್ನು ಆಮ್ಲರಹಿತ ಕಾಗದದ ಮಡಿಕೆಯೊಳಗೆ ಮಟ್ಟಸವಾಗಿ ಮಲಗಿಸಿ. ಸುರುಳಿ ಸುತ್ತಬೇಡಿ. ಬಟ್ಟೆಯ ಚೀಲದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಮತ್ತು ಒಂದು ಪುಟ್ಟ ತೇವಮಾಪಕ ಇಡಿ. ಬಣ್ಣ ಬದಲಿಸುವ ಜಾತಿಯ ಜೆಲ್ ಕೊಳ್ಳಿ, ಬದಲಾದಾಗ 110ರಿಂದ 120 ಡಿಗ್ರಿ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಮಾಪಕ 35ಕ್ಕಿಂತ ಕೆಳಗಿಳಿದರೆ ಜೆಲ್ ಅರ್ಧ ತೆಗೆಯಿರಿ, ಅತಿ ಒಣಗಿದ ಕಾಗದ ಮುದುಡುತ್ತದೆ. ಎಲ್ಲಕ್ಕಿಂತ ಮುಖ್ಯ, ಡಬ್ಬಿ ತುಂಬುವ ಕೆಲಸವನ್ನು ಫೆಬ್ರುವರಿ, ಮಾರ್ಚಿನ ಒಣ ಮಧ್ಯಾಹ್ನ ಮಾಡಿ. ಜಡಿಮಳೆಯ ದಿನ ಮುಚ್ಚಳ ಹಾಕಿದರೆ ತೇವವನ್ನೇ ಒಳಗೆ ಬಂಧಿಸಿದಂತೆ.

ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವವರಿದ್ದಾರೆ. ಬಚ್ಚಲೊಲೆಯ ಹೊಗೆ ಅಲ್ಲಿಗೇ ಏರುತ್ತದೆ, ಜಿಡ್ಡಿನ ಮಸಿ ಕಾಗದದ ಮೇಲೆ ಕೂತರೆ ಏಳುವುದಿಲ್ಲ. ನುಸಿಗುಳಿಗೆ ಬೂಷ್ಟಿಗೆ ಮದ್ದಲ್ಲ. ಬೆಳ್ಳಿಯಂತೆ ಹೊಳೆವ ಪುಸ್ತಕದ ಹುಳ ಗಂಜಿಯ ಅಂಟನ್ನು ಹುಡುಕಿಕೊಂಡು ಬರುತ್ತದೆ, ಡಬ್ಬಿಯ ಮುಚ್ಚಳ ಬಿಗಿಯಿದ್ದರೆ ಅದೇ ಕಾವಲು.

ಚೌಕಟ್ಟು ಹಾಕಿಸುವಾಗ ಅಂಗಡಿಯವರಿಗೆ ಮೂರು ಮಾತು ಬಿಡಿಸಿ ಹೇಳಿ. ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂತರ ಇರಬೇಕು. ಹಿಂದೆ ಪ್ಲೈವುಡ್ ನೇರವಾಗಿ ತಾಗಬಾರದು, ಆಮ್ಲರಹಿತ ರಟ್ಟು ಬೇಕು. ಅಂಟುಪಟ್ಟಿಯಾಗಲಿ ಬಿಳಿ ಅಂಟಾಗಲಿ ಕೂಡದು. ಮೇಲಂಚಿನಲ್ಲಿ ಮಾತ್ರ ತೆಳು ಜಪಾನಿ ಕಾಗದದ ಎರಡು ಕಿವಿಗಳನ್ನು ಗೋಧಿ ಗಂಜಿಯಿಂದ ಅಂಟಿಸಿ ತೂಗುಬಿಡಬೇಕು. ನಾಲ್ಕೂ ಬದಿ ಅಂಟಿಸಿದರೆ ಮಳೆಗಾಲದಲ್ಲಿ ಹಿಗ್ಗುವ ಕಾಗದಕ್ಕೆ ಹೋಗಲು ಜಾಗವಿಲ್ಲದೆ ಅಲೆಅಲೆಯಾಗುತ್ತದೆ. ಹೊರಗೋಡೆಗೆ, ಅದರಲ್ಲೂ ಎರಚಲು ಹೊಡೆಯುವ ಪಡುವಣ ಗೋಡೆಗೆ ಬೇಡ.

ಈಗಾಗಲೇ ಬೂಷ್ಟು ಬಂದಿದ್ದರೆ ಒರೆಸಬೇಡಿ, ಒರೆಸಿದರೆ ಬೀಜ ಒಳಕ್ಕೆ ತಿಕ್ಕಿದಂತೆ. ಗಾಳಿಯಾಡುವ ನೆರಳಿನಲ್ಲಿ ಪೂರ್ತಿ ಒಣಗಲಿ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆಯ ಕುಂಚದಿಂದ ಹೊರಮುಖವಾಗಿ ತಳ್ಳಿ. ಕಂದು ಚುಕ್ಕೆಗಳು ಉಳಿಯುತ್ತವೆ. ಅವನ್ನು ತೆಗೆಯುವ ಕೆಲಸ ಕಾಗದ ಸಂರಕ್ಷಣೆ ಕಲಿತವರದು.


ಪ್ರಶ್ನೆ: ನಾನು ಚಿತ್ರಕಲಾ ಶಿಕ್ಷಕಿ. ಇದೇ ವಿಧಾನದಲ್ಲಿ ಬಡಗುತಿಟ್ಟಿನ ವೇಷವೊಂದನ್ನು ಮಕ್ಕಳಿಂದ ಅಚ್ಚು ಹಾಕಿಸಬೇಕೆಂದಿದ್ದೇನೆ. ಸಾಮಗ್ರಿ, ಅಳತೆ, ಆಗುವ ತಪ್ಪುಗಳನ್ನು ವಿವರವಾಗಿ ತಿಳಿಸಿ.
— ಓದುಗರು, ಶಿವಮೊಗ್ಗ

ಉತ್ತರ: ಹತ್ತನೇ ತರಗತಿಯ ಮಕ್ಕಳಿಗೆ ಒಗ್ಗುವ ಕೆಲಸ. ಚಿತ್ರ 15×20 ಸೆಂ.ಮೀ. ಮೀರದಿರಲಿ. ಕಪ್ಪು ಗೆರೆ, ಹಳದಿ, ಕೆಂಪು, ಬಣ್ಣವಿಲ್ಲದ ಉಬ್ಬು, ಇಷ್ಟಕ್ಕೆ ನಾಲ್ಕು ಮುಖ ಬೇಕು. 21×27 ಸೆಂ.ಮೀ. ಅಳತೆಯ, 18 ಮಿ.ಮೀ. ದಪ್ಪದ ಎರಡು ಹಲಗೆಗಳ ಎರಡೂ ಬದಿ ಕೆತ್ತಿದರೆ ಆಯಿತು.

ಜಪಾನಿನಲ್ಲಿ ಬಳಸುವುದು ಕಾಡುಚೆರ್ರಿ. ನಮ್ಮಲ್ಲಿ ಹೆದ್ದಿ ಮರ ನೋಡಿ. ಎಳೆ ಸಣ್ಣ, ಸಮವಾಗಿದೆ, ಉಳಿಗೆ ಒಲಿಯುತ್ತದೆ. ತೇಗ ಬೇಡ, ಅದರ ಮೆದು, ಗಡಸು ಎಳೆಗಳು ಸರದಿಯಂತೆ ಬಂದು ಚಾಕು ಜಾರುತ್ತದೆ. ಎಂ.ಡಿ.ಎಫ್. ಹಲಗೆ ನೀರು ಕುಡಿದು ಉಬ್ಬುತ್ತದೆ. ಹಲಗೆ ಕನಿಷ್ಠ ಒಂದು ವರ್ಷ ಒಣಗಿದ್ದಿರಲಿ, ಇಲ್ಲದಿದ್ದರೆ ಕೆತ್ತಿದ ಮೇಲೆ ಬಾಗುತ್ತದೆ.

ಚಿತ್ರವನ್ನು ತೆಳು ಕಾಗದದ ಮೇಲೆ ಕಪ್ಪು ಗೆರೆಯಲ್ಲಿ ಬರೆದು, ಅನ್ನದ ಗಂಜಿ ಸವರಿದ ಹಲಗೆಗೆ ಮುಖ ಕೆಳಗಾಗಿ ಅಂಟಿಸಿ. ಅರೆ ಒಣಗಿದಾಗ ಒದ್ದೆ ಬೆರಳಿನಿಂದ ಮೇಲಿನ ಪದರ ಉಜ್ಜಿ ತೆಗೆದರೆ ಗೆರೆ ಕನ್ನಡಿಯ ಬಿಂಬದಂತೆ ಕಾಣುತ್ತದೆ. ಅಂದರೆ ಕಲಾವಿದ ಬರೆದ ಮೂಲ ಹಾಳೆ ಕೆತ್ತನೆಯಲ್ಲೇ ನಾಶವಾಗುತ್ತದೆ. ‘ಮೂಲಚಿತ್ರ ಎಲ್ಲಿದೆ’ ಎಂದು ಆಗಾಗ ಕೇಳುವವರಿಗೆ ಇದೇ ಉತ್ತರ: ಅಚ್ಚಾದ ಹಾಳೆಗಳೇ ಮೂಲ.

ಕೆತ್ತುವಾಗ ಗೆರೆಯ ಎರಡೂ ಪಕ್ಕ ಚಾಕು ಓರೆಯಾಗಿ ಹೊರಮುಖಕ್ಕೆ ಇಳಿಯಬೇಕು. ಗೆರೆ ಬೆಟ್ಟದಂತೆ ಬುಡ ಅಗಲ, ತುದಿ ಕಿರಿದಾಗಿರಲಿ. ಗೋಡೆಯಂತೆ ನೆಟ್ಟಗೆ ಕಡಿದರೆ, ಒಳಕ್ಕೆ ಕೊರೆದರಂತೂ, ನಾಲ್ಕನೇ ಪ್ರತಿಗೆ ಮುರಿಯುತ್ತದೆ. ಗೆರೆಯ ಹತ್ತಿರ 2 ಮಿ.ಮೀ. ಆಳ ಸಾಕು. ಬಯಲು ಜಾಗದಲ್ಲಿ 4ರಿಂದ 5 ಮಿ.ಮೀ. ಇಳಿಸಿ, ಇಲ್ಲವಾದರೆ ತೇವದ ಕಾಗದ ಜೋತು ತಳಕ್ಕೆ ತಾಗಿ ಕಲೆಯಾಗುತ್ತದೆ.

ಇನ್ನು ‘ಕೆಂತೊ’. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರಲು ಮಣೆಯಲ್ಲೇ ಕೆತ್ತುವ ಎರಡು ಕಚ್ಚು. ಬಲಗಡೆ ಕೆಳಮೂಲೆಯಲ್ಲಿ ಒಂದು ಮೂಲೆಮಟ್ಟದ ಆಕಾರದ್ದು, ಅದೇ ಕೆಳ ಅಂಚಿನಲ್ಲಿ ಎಡಕ್ಕೆ ಒಂದು ನೇರ ಗೆರೆಯದ್ದು. ಆಳ 1 ಮಿ.ಮೀ., ಚಿತ್ರದಿಂದ ದೂರ ಕನಿಷ್ಠ 1 ಸೆಂ.ಮೀ. ಗೆರೆಮಣೆ ಮುಗಿದ ಮೇಲೆ ಕಚ್ಚುಗಳ ಗುರುತೂ ಸೇರಿದಂತೆ ತೆಳು ಕಾಗದದಲ್ಲಿ ಮೂರು ಪ್ರತಿ ತೆಗೆದು, ಅವನ್ನೇ ಉಳಿದ ಮೂರು ಮುಖಗಳಿಗೆ ಅಂಟಿಸಿ ಬಣ್ಣದ ಜಾಗ ಕೆತ್ತಿಸಿ. ಹೊಸದಾಗಿ ಅಳೆದು ಕಚ್ಚು ಕೊರೆಯಲು ಹೋದರೆ ಎಂದೂ ಹೊಂದುವುದಿಲ್ಲ.

ಕಸೆ ಸೀರೆಯ ಕೆಂಪು-ಹಳದಿ ಚೌಕುಳಿಯಲ್ಲಿ ಮಕ್ಕಳು ಎಡವುತ್ತಾರೆ. ಕೆಂಪು ಚೌಕ, ಹಳದಿ ಚೌಕ ಬೇರೆಬೇರೆ ಕೆತ್ತಿದರೆ ನಡುವೆ ಬಿಳಿ ಸಂದು ಬೀಳುವುದು ಖಂಡಿತ. ಸೀರೆಯಷ್ಟೂ ಜಾಗಕ್ಕೆ ಹಳದಿ ಹಾಸಿ, ಅದರ ಮೇಲೆ ಕೆಂಪಿನ ಪಟ್ಟಿ ಮಾತ್ರ ಒತ್ತಿ. ಹಳದಿಯ ಮೇಲೆ ಬಿದ್ದ ಕೆಂಪಿಗೆ ಬೆಚ್ಚನೆಯ ಕಳೆಯೂ ಬರುತ್ತದೆ. ಪ್ರತಿ ಬಣ್ಣವೂ ಕಪ್ಪು ಗೆರೆಯ ಅಡಿಗೆ ಅರ್ಧ ಮಿ.ಮೀ. ನುಗ್ಗಿರಲಿ.

ಕಾಗದಕ್ಕೆ ಉದ್ದ ನಾರು ಬೇಕು. ಹಿಪ್ಪುನೇರಳೆಯ ಬಳಗದ ಕೋಜೊ ಗಿಡದ ತೊಗಟೆಯ ಕಾಗದ ಉತ್ತಮ, ಕೈಗೆಟುಕುವ ಬೆಲೆಗೆ ನೇಪಾಳದ ಲೋಕ್ತಾ ಸಾಕು. ಹತ್ತಿಯ ಕೈಕಾಗದ ಉಜ್ಜಿದಾಗ ನುಸಿನುಸಿಯಾಗಿ ಏಳುತ್ತದೆ. ಲೋಕ್ತಾಕ್ಕೆ ಮೊದಲು ಅಂಟುನೀರು ಕುಡಿಸಬೇಕು: ಲೀಟರ್ ನೀರಿಗೆ 15ರಿಂದ 20 ಗ್ರಾಂ ಸರೇಸು, ಅದರ ಅರ್ಧ ತೂಕ ಪಟಿಕ. ಸರೇಸನ್ನು ರಾತ್ರಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಕುದಿಸಿದರೆ ಅಂಟು ಸತ್ತಂತೆ. ಪಟಿಕ ಹೆಚ್ಚಾದರೆ ಕಾಗದ ಕೆಲವು ವರ್ಷಗಳಲ್ಲಿ ಕಂದಾಗಿ ಪುಡಿಯಾಗುತ್ತದೆ.

24 ಒಳ್ಳೆಯ ಪ್ರತಿ ಬೇಕಾದರೆ 30 ಹಾಳೆ ತೇವ ಮಾಡಿ. ಒಂದು ಬಿಟ್ಟು ಒಂದು ಹಾಳೆಗೆ ಕುಂಚದಿಂದ ನೀರು ಸವರಿ, ಪೇರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಲಗೆಯ ಭಾರದಡಿ ರಾತ್ರಿ ಬಿಡಿ. ಮುಟ್ಟಿದರೆ ತಣ್ಣಗಿರಬೇಕು, ನೀರಿನ ಹೊಳಪು ಕಾಣಬಾರದು. ಮಳೆಗಾಲದಲ್ಲಿ ಮೂರನೇ ದಿನಕ್ಕೆ ಬೂಷ್ಟು ಬರುತ್ತದೆ, ಕೆಲಸ ಉಳಿದರೆ ಕಟ್ಟನ್ನು ಫ್ರಿಜ್ಜಿನಲ್ಲಿಡಿ.

ಬಣ್ಣಕ್ಕೆ ಟ್ಯೂಬಿನ ಜಲವರ್ಣ ಸಾಕು. ಸಂಪ್ರದಾಯ ಎಂದು ಮಕ್ಕಳ ಕೈಗೆ ಅರದಾಳ, ಇಂಗಳೀಕ ಕೊಡಬೇಡಿ. ಮೊದಲನೆಯದರಲ್ಲಿ ಆರ್ಸೆನಿಕ್ ಇದೆ, ಎರಡನೆಯದರಲ್ಲಿ ಪಾದರಸ. ಎರಡು ಚಮಚ ಅಕ್ಕಿಹಿಟ್ಟನ್ನು ಮುಕ್ಕಾಲು ಲೋಟ ನೀರಿನಲ್ಲಿ ಕಲಸಿ, ಪಾರಕವಾಗುವವರೆಗೆ ಕಾಸಿ ಗಂಜಿ ಮಾಡಿಕೊಳ್ಳಿ. ಪ್ರತಿ ಒತ್ತಿಗೆ ಮಣೆಯ ಮೇಲೆ ಬಣ್ಣ, ಪಕ್ಕದಲ್ಲಿ ಕಡಲೆಕಾಳಿನಷ್ಟು ಗಂಜಿ ಹಾಕಿ ಕುದುರೆಕೂದಲಿನ ಶೂ ಬ್ರಷ್ಷಿನಿಂದ ಹರಡಿ, ಕೊನೆಯ ಎಳೆತ ಹಗುರವಾಗಿ ಮರದ ಎಳೆಯ ದಿಕ್ಕಿಗೆ ಇರಲಿ. ಕಾಗದವನ್ನು ಮೊದಲು ಬಲಮೂಲೆಯ ಕಚ್ಚಿಗೆ, ಆಮೇಲೆ ನೇರ ಕಚ್ಚಿಗೆ ತಾಗಿಸಿ ಇಳಿಬಿಡಿ.

ನಿಜವಾದ ಬಾರೆನ್ ಒಳಗೆ ಬಿದಿರಿನ ಹೊದಿಕೆಯ ಸೀಳಿನಿಂದ ಹೊಸೆದ ಹುರಿಯ ಸುರುಳಿ, ಹೊರಗೆ ಅದೇ ಹೊದಿಕೆಯ ಕಟ್ಟು ಇರುತ್ತದೆ. ನಮ್ಮ ಹೆಬ್ಬಿದಿರಿನ ಹೊದಿಕೆಯಲ್ಲಿ ಮುಳ್ಳುರೋಮ, ಅಡಿಕೆ ಹಾಳೆಯಲ್ಲಿ ಏಣು. ಎರಡೂ ಕಾಗದ ಗೀರುತ್ತವೆ. 12 ಸೆಂ.ಮೀ. ದುಂಡು ಮರದ ಬಿಲ್ಲೆಗೆ ಹತ್ತಿಯ ಹುರಿ ಸುರುಳಿ ಅಂಟಿಸಿ, ಗಟ್ಟಿ ಬಟ್ಟೆ ಬಿಗಿದು, ಕಾಗದದ ಮೇಲೆ ಬೆಣ್ಣೆಕಾಗದ ಹಾಸಿ ಉಜ್ಜಿದರೆ ಸಾಕು.

ಒತ್ತುವ ಸರದಿ ಕಪ್ಪು ಗೆರೆ, ಹಳದಿ, ಕೆಂಪು. ಕಿರೀಟದ ಹೊಳಪಿಗೆ ಹಿತ್ತಾಳೆ ಪುಡಿ ಬಳಸಿದರೆ ಹಸಿರುಗಟ್ಟುತ್ತದೆ. ಹಳದಿಯ ಮೇಲೆ ಸರೇಸು ನೀರು ಸವರಿ ನುಣ್ಣನೆಯ ಕಾಗೆಬಂಗಾರದ ಪುಡಿ ಉದುರಿಸಿ. ಜಪಾನಿನವರೂ ಕಾಗೆಬಂಗಾರ ಬಳಸಿದ್ದಾರೆ. ಬಣ್ಣವಿಲ್ಲದ ಉಬ್ಬು ಕಟ್ಟಕಡೆಗೆ. ಮೊದಲೇ ಒತ್ತಿದರೆ ಮುಂದಿನ ಉಜ್ಜುವಿಕೆಯಲ್ಲಿ ಚಪ್ಪಟೆಯಾಗುತ್ತದೆ.

ತಪ್ಪು ಕಂಡಾಗ ಕಾರಣ ಹುಡುಕುವುದು ಹೀಗೆ. ಬಣ್ಣದಲ್ಲಿ ಎಳ್ಳು ಚೆಲ್ಲಿದಂತೆ ಬಿಳಿ ಚುಕ್ಕೆ ಬಿದ್ದರೆ ಗಂಜಿ ಕಡಿಮೆ ಅಥವಾ ಕಾಗದ ಒಣಗಿದೆ. ಕಾಗದ ಮಣೆಗೆ ಹಿಡಿದು ನಾರು ಕಿತ್ತರೆ ಗಂಜಿ ಹೆಚ್ಚು. ಅಂಚಿನಲ್ಲಿ ಬಣ್ಣ ಗಟ್ಟಿ ಗೆರೆ ಕಟ್ಟಿದರೆ ನೀರು ಹೆಚ್ಚು. ಬಣ್ಣ ಎಲ್ಲ ಹಾಳೆಯಲ್ಲೂ ಒಂದೇ ಕಡೆ ಜರುಗಿದ್ದರೆ ಕಚ್ಚು ತಪ್ಪಿದೆ, ಮರದ ಚಕ್ಕೆ ಅಂಟಿಸಿ ತಿದ್ದಿ. ಹಾಳೆಗೊಂದು ದಿಕ್ಕಿಗೆ ಜರುಗಿದ್ದರೆ ಕಾಗದ ಇಡುವ ಕೈ ತಪ್ಪಿದೆ. ಕೆಳಗೆ ಸರಿಯಿದ್ದು ಮೇಲಕ್ಕೆ ಹೋದಂತೆ ತಪ್ಪಿದ್ದರೆ ಕಾಗದ ನಡುವೆ ಒಣಗಿ ಕುಗ್ಗಿದೆ, ಮತ್ತೆ ತೇವ ಮಾಡಿ ಒಂದು ಗಂಟೆ ಬಿಡಿ.


ಪ್ರಶ್ನೆ: ಗುಡಿಗಾರರ ಶ್ರೀಗಂಧದ ಉಳಿಗಳು ಈ ಕೆಲಸಕ್ಕೆ ಆಗುತ್ತವೆಯೆ?
— ಓದುಗರು, ಸೊರಬ

ಉತ್ತರ: ಬಯಲು ತೆಗೆಯಲು ಧಾರಾಳವಾಗಿ ಆಗುತ್ತವೆ. ಗೆರೆ ಬಿಡಿಸಲು ಮಾತ್ರ ಒಂದೇ ಬದಿ ಸಾಣೆ ಹಿಡಿದ, ಓರೆ ಮೂತಿಯ ಚಾಕು ಬೇಕು. ಅದನ್ನು ಮುಷ್ಟಿಯಲ್ಲಿ ಹಿಡಿದು ತಮ್ಮ ಕಡೆಗೆ ಎಳೆಯುತ್ತಾರೆ, ಉಳಿಯಂತೆ ಮುಂದಕ್ಕೆ ನೂಕುವುದಿಲ್ಲ. ಶಿಲ್ಪಕ್ಕೆ ಪಳಗಿದ ಕೈಗೆ ಮೊದಲ ವಾರ ಇದೇ ಕಷ್ಟ. ನರ್ತಕಿಯ ಹಣೆಯ ಕೂದಲು ಕೊನೆಗಿರಲಿ, ಮೊದಲು ಅವಳ ಕೊಡೆಯ ಕಡ್ಡಿಗಳನ್ನು ಕೆತ್ತಿ ಕೈ ಕೂರಿಸಿಕೊಳ್ಳಿ.